ಮುಳಗಾಯಿ ಬೀಜಕ್ಕೆ ಚಳಿ

ಒಮಾನ್ ದೇಶದ ಇಬ್ರಿಯಲ್ಲಿ ಜನವರಿಯ ಆ ಶುಕ್ರವಾರ ಬೆಳಿಗ್ಗೆ ಮೊಬೈಲು ಒಂಬತ್ತು ಡಿಗ್ರಿ ಎಂದು ತೋರಿಸದೇ ಹೋಗಿದ್ದರೆ ಭೀಮರಾಯನ ರಜೆ ಹಾಳಾಗುತ್ತಿರಲಿಲ್ಲ. ಜನರೇಟರ್ ರಿಪೇರಿ ಮಾಡುವ ಈ ಗದಗಿನ ಆಸಾಮಿ ಹಾಸಿಗೆಯಿಂದೆದ್ದವನೇ ತಾರಸಿಗೆ ಓಡಿದ.

ಅಲ್ಲೊಂದು ಟ್ರೇ, ಅಡುಗೆಮನೆಯಲ್ಲಿ ಇನ್ನೊಂದು. ಹೆಂಡತಿ ಶಿವವ್ವನ ತವರಿನಿಂದ ಬಂದ ಹಸಿರು ಮುಳಗಾಯಿ ಬೀಜವನ್ನು ಅರ್ಧ ಒಳಗೆ, ಅರ್ಧ ಹೊರಗೆ ಊರಿ ಹನ್ನೆರಡು ದಿನವಾಗಿತ್ತು. ಮದುವೆಯಾಗಿ ಬಂದಾಗಿನಿಂದ ಆಕೆ ಬಾಯಿಬಿಟ್ಟು ಕೇಳಿದ್ದು ತನ್ನೂರಿನ ಆ ಬದನೆಯೊಂದನ್ನೇ. ಒಂದು ಬೀಜವೂ ಕಣ್ಣು ಬಿಟ್ಟಿರಲಿಲ್ಲ.

"ಬೀಜಕ್ಕೂ ಚಳಿ ಆಗುದಿಲ್ವಾ ಮಾರಾಯ್ರೇ?" ಕೆಳಮನೆಯ ದಿನಸಿ ಅಂಗಡಿಯ ಹಾಜಬ್ಬ ಮೆಟ್ಟಿಲಲ್ಲೇ ತಡೆದ. "ಒಳಗೆ ಫ್ರಿಜ್ಜಿನ ಮೇಲಿಡಿ. ಅಲ್ಲಿ ಬಿಸಿ ಉಂಟು."

ಭೀಮರಾಯ ಎರಡೂ ಟ್ರೇ ಒಳಗಿಟ್ಟ. ಪಕ್ಕದ ಮನೆಯ ಉಡುಪಿಯ ಆಲ್ಫ್ರೆಡ್ ಬಂದು ನೋಡಿ ತಲೆ ಚಚ್ಚಿಕೊಂಡ.

"ಕತ್ತಲೆಯಲ್ಲಿ ಸತ್ತೇ ಹೋಗ್ತದೆ! ಬಿಸಿಲಿಗಿಡಿ, ನೀರಿನ ಬಾಟಲಿ ಕೊಯ್ದು ಮುಚ್ಚಿ."

ಯಾರಿಗೂ ಇಲ್ಲ ಎನ್ನಲು ಭೀಮರಾಯನಿಗೆ ಬರುತ್ತಿರಲಿಲ್ಲ. ಹತ್ತು ಗಂಟೆಯೊಳಗೆ ಆ ಟ್ರೇಗಳು ಪೋಲಿಯೊ ಹನಿಗೆ ಹೊರಟ ಕೂಸುಗಳಂತೆ ನಾಲ್ಕು ಸಲ ಹತ್ತಿ ಇಳಿದವು. ಹಾಜಬ್ಬನ ಹೆಂಡತಿ ಖದೀಜಮ್ಮ ಮರುಗಿ ತನ್ನ ಉಣ್ಣೆಯ ಶಾಲನ್ನೇ ಅವಕ್ಕೆ ಹೊದಿಸಿದರು.

ಐದನೆಯ ಸಲ ಇಳಿಯುವಾಗ ಶಾಲಿನ ಅಂಚು ಕಾಲಿಗೆ ಸಿಕ್ಕಿತು. ಟ್ರೇಗಳು ಮುಂದೆ, ಭೀಮರಾಯ ಹಿಂದೆ. ಮೆಟ್ಟಿಲ ತುಂಬ ಮಣ್ಣು.

"ಅಯ್ಯೋ ಶಿವನ! ನಮ್ಮವ್ವ ಕೊಟ್ಟ ಬೀಜ!" ಶಿವವ್ವ ಚೀರಿದಳು. ಗಂಡನ ಸೊಂಟದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಇಡೀ ಕಟ್ಟಡವೇ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತಿತು. ಆಲ್ಫ್ರೆಡ್ ಮೊಬೈಲಿನ ಟಾರ್ಚು ಹಿಡಿದ. ಹಾಜಬ್ಬ ಕನ್ನಡಕ ಏರಿಸಿ, "ಜುಮಾ ನಮಾಜಿಗೆ ಇನ್ನೂ ಹೊತ್ತುಂಟು" ಎಂದು ಮಣ್ಣು ಕೆದಕತೊಡಗಿದ. ಜರಡಿ ಆಡಿಸುತ್ತಿದ್ದ ಖದೀಜಮ್ಮ ಒಮ್ಮೆಲೇ ಕೂಗಿದರು: "ಯಾ ಅಲ್ಲಾ, ಇಲ್ಲಿ ನೋಡಿ!"

ಬೀಜ ಒಡೆದು, ಹಾಲುಹಲ್ಲಿನಂಥ ಬಿಳಿ ಮೊಳಕೆ ಇಣುಕಿತ್ತು. ಹುಡುಕಿದರೆ ಇನ್ನೂ ಆರು ಸಿಕ್ಕವು.

"ಫ್ರಿಜ್ಜಿನ ಮೇಲಿನದ್ದೇ!" ಎಂದ ಹಾಜಬ್ಬ.

"ಬಿಸಿಲಿನದ್ದು!" ಎಂದ ಆಲ್ಫ್ರೆಡ್.

ಎರಡೂ ಟ್ರೇಯ ಮಣ್ಣು ಒಂದಾಗಿದ್ದರಿಂದ ಬ್ರಹ್ಮನೂ ತೀರ್ಪು ಕೊಡುವಂತಿರಲಿಲ್ಲ. ಭೀಮರಾಯ ಇಬ್ಬರಿಗೂ ಕೈಮುಗಿದ. ಅವನ ಕಣ್ಣು ತುಂಬಿತ್ತು.

"ನಿಮ್ಮ ಉಪಕಾರ ಹ್ಯಾಂಗ ತೀರಸ್ಲಿರಿ? ಮೊದಲನೇ ಕಾಯಿ ನಿಮಗ. ಎಣ್ಣಿಗಾಯಿ ಮಾಡಿಸಿ ಎಲ್ಲಾರಿಗೂ ಊಟ ಹಾಕ್ತೀನಿ!"

ಸಂಜೆ ಊರಿಗೆ ಫೋನು ಮಾಡಿ ಸುದ್ದಿ ಹೇಳಿದರೆ ಅತ್ತೆ ಗಳಗಳ ಅತ್ತೇಬಿಟ್ಟರು.

"ದೇವರು ದೊಡ್ಡಾಂವ, ಅಳಿಯಂದ್ರ! ನಮ್ಮ ಬೀಜದ ಗಡಿಗ್ಯಾಗ ಇಲಿ ಹೊಕ್ಕು ಒಂದ ಕಾಳೂ ಬಿಟ್ಟಿಲ್ಲ. ಓಣ್ಯಾಗ ಯಾರ ಕಡೇನೂ ಇಲ್ಲ. ಆ ತಳಿ ಉಳದದ್ದು ಈಗ ನಿಮ್ಮ ಕೈಯಾಗ ಅಷ್ಟ. ಒಂದ ಕಾಯೀನೂ ಹರೀಬ್ಯಾಡ್ರಿ. ಗಿಡದಾಗ ಹಣ್ಣಾಗ್ಲಿ, ಬೀಜ ತಗದು ಕಳಸ್ರಿ."

"ಒಂದ ಒಂದು... ರುಚಿ ನೋಡಾಕ?"

"ಒಂದೂ ಇಲ್ಲ!" ಅಲ್ಲಿಂದ ಅತ್ತೆ, ಇಲ್ಲಿಂದ ಹೆಂಡತಿ, ಒಂದೇ ದನಿ.

ಭೀಮರಾಯ ನಾಚಿಕೆಯಿಂದ ಕೆಳಮನೆಗೆ ಹೋಗಿ ವಿಷಯ ಹೇಳಿದ. ಹಾಜಬ್ಬ ಅವನ ಬೆನ್ನು ತಟ್ಟಿದ. "ಸಾರ ಇಲ್ಲ, ಬಿಡಿ ಮಾರಾಯ್ರೇ, ಬೀಜ ಉಳಿಯಲಿ. ಬದನೆ ನನ್ನ ಅಂಗಡಿಯಿಂದ ತರ್ತೇನೆ. ಊಟ ಇವತ್ತೇ ಆಗಲಿ!"

ಬಂದ ಬದನೆಯೋ ಸೋರೆಕಾಯಿ ಗಾತ್ರದ್ದು. ನಾಲ್ಕು ಸೀಳು ಮಾಡಿದರೆ ಒಂದೊಂದು ಸೀಳು ಒಬ್ಬರಿಗೆ ಸಾಕು. ಬಾಯಿಗಿಟ್ಟರೆ ಒದ್ದೆ ಹತ್ತಿ ಅಗಿದಂತೆ. ಹಾಜಬ್ಬ ಎದುರು ಕೂತು ಭೀಮರಾಯನ ಮುಖವನ್ನೇ ನೋಡುತ್ತಿದ್ದ. ಹಾಜಬ್ಬನ ಉಗುರುಗಳಲ್ಲಿ ಇನ್ನೂ ಮೆಟ್ಟಿಲ ಮಣ್ಣಿತ್ತು. ಭೀಮರಾಯ ತುತ್ತು ನುಂಗಿ, ಮನಸಾರೆ ಹೇಳಿದ:

"ಭಾಳ ರುಚಿ ಐತ್ರಿ."

ಹಾಜಬ್ಬನ ಮುಖ ಹುಣ್ಣಿಮೆಯಾಯಿತು.

"ಹೌದಾ! ಹಾಗಾದರೆ ನಿಮ್ಮ ಗಿಡ ಹಣ್ಣಾಗುವವರೆಗೆ ವಾರಕ್ಕೆ ಎರಡು ಕಿಲೋ ಮನೆಗೇ ಕಳಿಸ್ತೇನೆ. ಬೇಡ ಅನ್ನಬಾರದು, ಖಲಾಸ್!"