ಪಕ್ಕದ ಮನೆ ಅಜ್ಜನ ಕಾರೂ ನನ್ನ ಪೈಪೂ

ನಾನು ಪೈಪ್ ಡಿಸೈನರ್ ಅಂತ ಯಾರ ಮುಂದಾದರೂ ಬಾಯಿ ಬಿಟ್ಟರೆ ಸಾಕು, ಏನಾದರೊಂದು ಅವಾಂತರ ಆಗಿಯೇ ಆಗುತ್ತೆ. ತುಮಕೂರಿನಲ್ಲಿದ್ದಾಗ ಯಾವ ನೆಂಟರ ಮನೆ ಬಚ್ಚಲು ಕಟ್ಟಿಕೊಂಡರೂ ಮೊದಲ ಫೋನು ನನಗೇ. ಐರ್ಲೆಂಡಿಗೆ ಬಂದು, ಕಾರ್ಕ್ ಊರಿನ ಲಿಟಲ್ ಐಲ್ಯಾಂಡ್‌ನಲ್ಲಿ ಒಂದು ಔಷಧಿ ಕಾರ್ಖಾನೆ ಸೇರಿದ ಮೇಲೆ ಆ ಕಾಟ ತಪ್ಪಿತು ಅಂದುಕೊಂಡಿದ್ದೆ. ಇಲ್ಲಿ ಗಂಟುಬಿದ್ದದ್ದು ಬಚ್ಚಲಲ್ಲ, ಪಕ್ಕದ ಮನೆ ಅಜ್ಜನ ಕಾರು.

೧. ಇಲ್ಲಿ ಬಾ

ಅಜ್ಜ ನಲವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು. ಅವರ ಶೆಡ್ಡಿನಲ್ಲಿ ಒಂದು ಹಳೇ ಅಮೆರಿಕನ್ ಮಸಲ್ ಕಾರು. ನನಗಿಂತ ಹನ್ನೆರಡು ವರ್ಷ ದೊಡ್ಡದು. ಅದರ ಬಾನೆಟ್ಟೇ ನಮ್ಮ ಅಡುಗೆಮನೆಯಷ್ಟು ಉದ್ದ. ಇದ್ದ ಇಂಜಿನ್ ಸಾಲದು ಅಂತ ಅಜ್ಜ ಅದನ್ನು ಕಿತ್ತು ಇನ್ನೂ ದೊಡ್ಡ ಎಂಟು ಸಿಲಿಂಡರಿನದು ಕೂರಿಸಿದ್ದರು. ಹೊಸ ಇಂಜಿನ್ನಿಗೆ ಹಳೇ ಸೈಲೆನ್ಸರ್ ಪೈಪು ಹೊಂದಲಿಲ್ಲ. ಮುಂದಿನಿಂದ ಬಾಲದವರೆಗೆ, ಕಾರಿನ ಹೊಟ್ಟೆಯ ಕೆಳಗೆ ಇರೋದನ್ನೆಲ್ಲ ತಪ್ಪಿಸಿಕೊಂಡು, ಎಡಕ್ಕೊಂದು ಬಲಕ್ಕೊಂದು ಹೊಸ ಪೈಪು ಎಳೆಯಬೇಕಿತ್ತು.

ಒಂದು ಶನಿವಾರ ಬಟ್ಟೆ ಒಣಹಾಕುತ್ತಿದ್ದೆ. ಕಾಂಪೌಂಡಿನ ಆಚೆಯಿಂದ ಅಜ್ಜ, "ನಿನಗೆ ಏನು ಕೆಲಸ ಗರ್ಲ್?" ಅಂದರು.

"ಪೈಪಿಂದು. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ನಾನು ಹೇಳ್ತೀನಿ" ಅಂದೆ.

ಅಜ್ಜ ಟೀ ಲೋಟ ಕೆಳಗಿಟ್ಟರು. "ಕಮ್ ಹಿಯರ್ ಟು ಮಿ" ಅಂದರು.

ಹಿರಿಯರು ಕರೆದಾಗ ಹೋಗದೆ ಇರೋಕಾಗುತ್ತಾ? ಬಕೆಟ್ ಬಿಟ್ಟು, ಗೇಟು ಸುತ್ತಿಕೊಂಡು ಹೋಗಿ ಅವರ ಮುಂದೆ ನಿಂತೆ. ಅಜ್ಜನಿಗೆ ಗಾಬರಿ. ಆದರೂ ಕಾರಿನ ಕಥೆ ಹೇಳಿದರು. ನಡುವೆ ಮತ್ತೆ "ಕಮ್ ಹಿಯರ್ ಟು ಮಿ" ಅಂದರು. ಒಂದು ಹೆಜ್ಜೆ ಮುಂದೆ ಹೋದೆ. ಅವರು ಒಂದು ಹೆಜ್ಜೆ ಹಿಂದೆ ಹೋದರು. ಮೂರನೇ ಸಲ ಅಂದಾಗ ಅಜ್ಜನ ಬೆನ್ನು ಶೆಡ್ಡಿನ ಬಾಗಿಲಿಗೆ ಅಂಟಿತ್ತು.

ಕಿಟಕಿಯಿಂದ ಅವರ ಹೆಂಡತಿ ನಗುತ್ತಾ ಕೂಗಿದರು: "ನಮ್ಮ ಕಡೆ ಹಾಗಂದ್ರೆ 'ಇಲ್ಲಿ ಕೇಳು' ಅಂತ ಅಷ್ಟೇ ಕಣಮ್ಮಾ. ಆದ್ರೆ ನೀನು ಹೋಗು, ಹೋಗು! ಅವರು ಕರೆದಾಗ ಈ ಮನೆಯಲ್ಲಿ ಯಾರೂ ಅಷ್ಟು ಹತ್ತಿರ ಹೋಗಿಲ್ಲ."

೨. ಮುಳುಗಿದ ಅಜ್ಜಿ

ಅಜ್ಜನಿಗೆ ಈ ಪೈಪಿನ ಅವಸರ ಯಾಕೆ ಅಂತ ಅಜ್ಜಿಯೇ ಹೇಳಿದರು. ಹಳೇ ಪೈಪು ಅವರ ಸೀಟಿನ ಕೆಳಗೇ ಹಾದುಹೋಗುತ್ತಿತ್ತಂತೆ. ಒಂದು ಸಲ ಲಾಂಗ್ ಡ್ರೈವ್ ಹೋಗಿ ಇಳಿಯುವಾಗ ಅಜ್ಜಿ ಇಳಿದರು, ಅವರ ಬಲಗಾಲಿನ ಬೂಟು ಇಳಿಯಲಿಲ್ಲ. ತಳ ಕರಗಿ ಕಾರಿಗೆ ಅಂಟಿಕೊಂಡಿತ್ತು. ಅವತ್ತಿನಿಂದ ಆರು ವರ್ಷ ಅಜ್ಜಿ ಆ ಕಾರು ಹತ್ತಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಊರ ಚರ್ಚಿನ ಮೈದಾನದಿಂದ ಹಳೇ ಕಾರುಗಳ ಮೆರವಣಿಗೆ ಹೊರಡುತ್ತೆ. ಎಲ್ಲರ ಪಕ್ಕದಲ್ಲೂ ಹೆಂಡತಿ, ಅಜ್ಜನ ಪಕ್ಕದಲ್ಲಿ ಸ್ಪ್ಯಾನರ್ ಚೀಲ. ಈ ಸಲ ಮದುವೆಯಾಗಿ ನಲವತ್ತು ವರ್ಷ ಅಂತ ಅಜ್ಜಿ ಮನಸ್ಸು ಮಾಡಿದ್ದರು. "ಒಳಗೆ ಹೊಗೆ ಬರಬಾರದು, ಕಾಲಿಗೆ ಬಿಸಿ ತಾಗಬಾರದು. ಬಂತೋ, ನಾನು ಇಳಿದು ನಡೆದುಕೊಂಡು ಬರ್ತೀನಿ" ಅಂತ ಶರತ್ತು.

ನಾನು ಎರಡು ಸಂಜೆ ಕೂತು, ಆಫೀಸಿನಲ್ಲಿ ಮಾಡುವ ಹಾಗೆ ನೀಟಾಗಿ ಡ್ರಾಯಿಂಗ್ ಮಾಡಿ ಕೊಟ್ಟೆ. ಅಜ್ಜ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ಬಹಳ ಚೆನ್ನಾಗಿದೆ. ಇದು ಎಷ್ಟನೇ ನಂಬರ್ ಬಸ್ಸಿನ ರೂಟು?"

ಕಾಗದದ ಕೆಲಸ ಇಲ್ಲಿ ನಡೆಯಲ್ಲ ಅಂತ ಗೊತ್ತಾಯಿತು. ಬಗ್ಗಿಸಿದರೆ ಬಗ್ಗುವಂಥದ್ದು, ಪೈಪಿನಷ್ಟೇ ದಪ್ಪದ್ದು ಏನಾದರೂ ಇದ್ದರೆ ಕಾರಿನ ಕೆಳಗೆ ಕಟ್ಟಿ ದಾರಿ ತೋರಿಸಬಹುದು ಅಂದೆ. ಅಜ್ಜ ಮನೆಯೊಳಗೆ ಹೋಗಿ ಎರಡು ಉದ್ದನೆಯ ಗುಲಾಬಿ ಬಣ್ಣದ ಸ್ಪಂಜಿನ ಕೋಲು ತಂದರು. ಈಜು ಕಲಿಯುವವರು ಕಂಕುಳಲ್ಲಿ ಹಿಡಿದು ತೇಲುತ್ತಾರಲ್ಲ, ಅದು. ಪಸಂದಾಗಿ ಬಗ್ಗಿತು. ಸಂಜೆಯೊಳಗೆ ಕಾರಿನ ಹೊಟ್ಟೆಯಲ್ಲಿ ಗುಲಾಬಿ ಕರುಳು ಜೋತಾಡುತ್ತಿತ್ತು.

ಅಷ್ಟರಲ್ಲಿ ಅಜ್ಜಿ ಒದ್ದೆ ಕೂದಲಲ್ಲಿ ಬಂದರು. ಬಗ್ಗಿ ಕಾರಿನ ಕೆಳಗೆ ನೋಡಿದರು. ಆಮೇಲೆ ತಣ್ಣಗೆ ಹೇಳಿದರು: "ಇವತ್ತು ಈಜುಕೊಳದಲ್ಲಿ ಹದಿನಾಲ್ಕು ಜನ ಅಜ್ಜಿಯಂದಿರು ತೇಲಿದರು. ಒಬ್ಬಳು ಮಾತ್ರ ಮುಳುಗಿದಳು."

೩. ಕಾರಿನ ಕೆಳಗೆ

ಭಾನುವಾರ ಬೆಳಿಗ್ಗೆ ಮಲಗಿಕೊಂಡು ಅಳತೆ ತಗೊಳ್ಳುತ್ತಿದ್ದೆ. ತುಮಕೂರಿನಿಂದ ಅಮ್ಮನ ಫೋನು.

"ಎಲ್ಲಿದೀಯಾ?"

"ಕಾರಿನ ಕೆಳಗಿದೀನಿ ಅಮ್ಮ" ಅಂದೆ. ಸುಳ್ಳೇನಲ್ಲ.

"ಅಯ್ಯೋ ದೇವರೇ!" ಅಂತ ಒಂದು ಕೂಗು. ಅದೇ ಹೊತ್ತಿಗೆ ಫೋನು ಕೈಜಾರಿ ಶೆಡ್ಡಿನ ನೆಲದ ಸಂದಿಗೆ ಬಿತ್ತು. ಕೈ ಹಾಕಿ ತೆಗೆಯೋಕೆ ಹದಿನೈದು ನಿಮಿಷ. ಅಷ್ಟರೊಳಗೆ ಅಮ್ಮ ಚಿಕ್ಕಪ್ಪನಿಗೆ, ಚಿಕ್ಕಪ್ಪ ನನ್ನ ಗಂಡನಿಗೆ ಫೋನು ಮಾಡಿ ಆಗಿತ್ತು. ನನ್ನ ಗಂಡ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಯಿಂದ ಓಡಿ ಬಂದ. ಕಾರಿನ ಕೆಳಗಿಂದ ನನ್ನ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಬಂದವನೇ ಎರಡನ್ನೂ ಹಿಡಿದು ಎಳೆದ. ನಾನು ಕಿರುಚಿದೆ, ಅವನೂ ಕಿರುಚಿದ, ಅಜ್ಜನ ಕೈಲಿದ್ದ ಟೀ ಚೆಲ್ಲಿತು.

ಅಮ್ಮನಿಗೆ ಫೋನು ಮಾಡಿ, ಏನೂ ಆಗಿಲ್ಲ, ಸೈಲೆನ್ಸರ್ ಕೂರಿಸ್ತಿದೀನಿ ಅಂತ ಬಿಡಿಸಿ ಹೇಳಿದೆ. ಅಮ್ಮ ನಿಟ್ಟುಸಿರು ಬಿಟ್ಟಳು. ಆಮೇಲೆ, "ಅಲ್ವೇ, ಆಕ್ಸಿಡೆಂಟ್ ಆಗಿದ್ರೆ ನಾಕು ಜನಕ್ಕೆ ಹೇಳಬಹುದಿತ್ತು. ಇದನ್ನ ಯಾರ ಹತ್ರ ಹೇಳಿಕೊಳ್ಳಲಿ?" ಅಂದಳು.

೪. ಢಣ್

ನನ್ನ ಮರ್ಯಾದೆ ಹೋದ ಕಥೆಯನ್ನೂ ಹೇಳಿಬಿಡುತ್ತೇನೆ. ಹಿಂದಿನ ಎರಡು ಚಕ್ರ ಜೋಡಿಸುವ ದಪ್ಪ ಆಕ್ಸಲ್ ಇರುತ್ತಲ್ಲ, ಪೈಪು ಅದರ ಮೇಲಿಂದ ಬಳಸಿಕೊಂಡು ಹೋಗಬೇಕು. ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅಳೆದೆ. ಆಕ್ಸಲ್ಲಿಗೂ ಪೈಪಿಗೂ ನಾಲ್ಕು ಬೆರಳು ಜಾಗ. ಅಜ್ಜ ವೆಲ್ಡಿಂಗ್ ಮಾಡಿದರು. "ಗ್ರ್ಯಾಂಡ್!" ಅಂದರು.

ಕಾರು ಇಳಿಸಿ ಮೂವರೂ ಹೊರಟೆವು. ಅಜ್ಜ ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ನಾನು, ಹಿಂದೆ ನನ್ನ ಗಂಡ. ಮೊದಲ ರೋಡ್ ಹಂಪಿಗೇ ಢಣ್! ಎರಡನೇ ಹಂಪಿಗೆ ಢಣ್ ಢಣ್! ಅಜ್ಜ ನಿಲ್ಲಿಸಿ ಯೋಚಿಸಿದರು. ನನ್ನ ಗಂಡನನ್ನು ಇಳಿಯೋಕೆ ಹೇಳಿ ಅದೇ ಹಂಪು ಹಾರಿಸಿದರು. ಸದ್ದೇ ಇಲ್ಲ. ಹತ್ತಿಸಿಕೊಂಡು ಹಾರಿಸಿದರು. ಢಣ್! ಹೀಗೆ ಮೂರು ಸಲ ಇಳಿಸಿ ಹತ್ತಿಸಿದ ಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಪೈಪ್ ಗ್ರ್ಯಾಂಡ್ ಆಗಿದೆ ಗರ್ಲ್. ತೊಂದರೆ ಇರೋದು ನಿನ್ನ ಗಂಡನಲ್ಲಿ" ಅಂದರು.

ತೊಂದರೆ ಇದ್ದದ್ದು ನನ್ನಲ್ಲಿ. ಕಾರು ಎತ್ತಿ ನಿಲ್ಲಿಸಿದಾಗ ಆಕ್ಸಲ್ ಕೆಳಗೆ ಜೋತುಬಿದ್ದಿರುತ್ತೆ. ಇಳಿಸಿ ಜನ ಕೂತರೆ ಕಾರು ತಗ್ಗುತ್ತೆ, ನಡುವಿನ ಜಾಗ ಮಾಯ. ಹನ್ನೊಂದು ವರ್ಷ ಪೈಪಿನಲ್ಲೇ ಜೀವ ತೇಯ್ದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಅಂತ ಮುಖ ಸಣ್ಣಗಾಯಿತು. ಕಣ್ಣಲ್ಲಿ ನೀರೂ ಬಂತು.

"ನಿಮ್ಮ ಕಾರ್ಖಾನೆ ಯಾವತ್ತಾದರೂ ಹಂಪ್ ಹಾರಿದೆಯಾ?" ಅಂದರು ಅಜ್ಜ.

"ಇಲ್ಲ."

"ಮತ್ತೆ ನಿನಗೆ ಹೇಗೆ ಗೊತ್ತಾಗಬೇಕು? ಬಾ, ಕೊಯ್ದು ಹಾಕೋಣ."

ಕೊಯ್ದು, ಕಾರನ್ನು ಚಕ್ರದ ಮೇಲೇ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ನನ್ನ ಗಂಡನನ್ನು ಕೂರಿಸಿ ಮತ್ತೆ ಅಳೆದು ಕೂರಿಸಿದೆವು. ಆ ಸಂಜೆ ಊಟಕ್ಕೆ ಕೂತಾಗ ಅವನಿಗೆ, "ಇನ್ನೊಂದು ಚಪಾತಿ ಹಾಕಲಾ?" ಅಂದೆ.

"ಬೇಡ. ಢಣ್ ಅನ್ನುತ್ತೆ" ಅಂದ.

೫. ಪ್ರೋಕ್ಷಣೆ

ಮೆರವಣಿಗೆಯ ದಿನ ಚರ್ಚಿನ ಮೈದಾನದ ತುಂಬ ಹಳೇ ಕಾರು. ಅಜ್ಜ ಬಾನೆಟ್ ಎತ್ತಿ, ಬಂದವರಿಗೆಲ್ಲ "ಪೂರ್ತಿ ನನ್ನದೇ ಕೆಲಸ" ಅನ್ನುತ್ತಿದ್ದರು. ಪಕ್ಕದಲ್ಲಿ ನಾನು ಬಿಸ್ಕತ್ತು ತಿನ್ನುತ್ತಾ ನಿಂತಿದ್ದೆ. ವಯಸ್ಸಾದವರು, ಹೇಳಿಕೊಳ್ಳಲಿ ಅಂತ ಸುಮ್ಮನಿದ್ದೆ.

ಅಜ್ಜಿ ನೀಲಿ ಕೋಟು ಹಾಕಿಕೊಂಡು ಬಂದು ಕಾರು ಹತ್ತಿದರು. ಮೂಗೆತ್ತಿ ವಾಸನೆ ನೋಡಿದರು. "ಆಗಲಿ" ಅಂತ ಬೆಲ್ಟ್ ಹಾಕಿಕೊಂಡರು. ಅಜ್ಜ ಕಣ್ಣೊರೆಸಿಕೊಂಡು, "ಗಾಳಿ ಜೋರಾಗಿದೆ" ಅಂದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಇಲ್ಲಿ ಹೊರಡುವ ಮುಂಚೆ ಪಾದ್ರಿಗಳು ಬಂದು ಪ್ರತಿ ಕಾರಿಗೂ ತೀರ್ಥ ಹಾಕುತ್ತಾರೆ. ಅಪ್ಪಟ ಬಿಳಿ ನಿಲುವಂಗಿ, ಒಂದು ಕೈಲಿ ಪುಟ್ಟ ಬಕೆಟ್ಟು, ಇನ್ನೊಂದರಲ್ಲಿ ಬ್ರಷ್ಷು. ನಮ್ಮ ಕಾರಿನ ಮುಂದೆ ಎರಡು ಸಲ ಚಿಮುಕಿಸಿ, ಹಿಂದಕ್ಕೂ ಇರಲಿ ಅಂತ ಸುತ್ತಿ ಬಂದರು.

ತಣ್ಣಗಿನ ಪೈಪಿನಲ್ಲಿ ಇಂಜಿನ್ನಿನ ಹಬೆ ನೀರಾಗಿ ನಿಲ್ಲುತ್ತೆ. ತಿಂಗಳಿಂದ ನಾವು ಅಂಗಳದಲ್ಲಿ ದಿನಾ ಎರಡೆರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದೆವು. ಆ ನೀರೆಲ್ಲ ಮಸಿಯ ಜೊತೆ ಕಲೆತು ಸೈಲೆನ್ಸರಿನೊಳಗೆ ಕೂತಿತ್ತು. ಇದು ನನಗೆ ನೆನಪಾದದ್ದು ಪಾದ್ರಿಗಳು ಎರಡು ಪೈಪಿನ ಬಾಯಿಗೆ ಸರಿಯಾಗಿ ನಿಂತಾಗ. ಅಜ್ಜ ಕೀ ತಿರುಗಿಸುತ್ತಿದ್ದರು.

"ಫಾದರ್!" ಅಂತ ಕಿರುಚಿದೆ.

ನಾನು ಆಶೀರ್ವಾದ ಕೇಳುತ್ತಿದ್ದೀನಿ ಅಂದುಕೊಂಡು ಅವರು ನಗುತ್ತಾ ಕೈ ಎತ್ತಿದರು.

ಬುಸ್ಸ್!

ಅವರು ಕಾರಿಗೆ ಪ್ರೋಕ್ಷಣೆ ಮಾಡಿದ್ದರು, ಕಾರು ಅವರಿಗೆ ಮಾಡಿತು. ಎದೆಯಿಂದ ಪಾದದವರೆಗೆ ಕರಿ ಚುಕ್ಕಿ. ಪಾದ್ರಿಗಳು ನಿಧಾನವಾಗಿ ನಿಲುವಂಗಿ ನೋಡಿಕೊಂಡು, "ಈ ಪೈಪ್ ಮಾಡಿದ್ದು ಯಾರು?" ಅಂದರು.

ಅಜ್ಜ ಕಿಟಕಿಯಿಂದ ಪೂರ್ತಿ ತೋಳು ಚಾಚಿ ನನ್ನನ್ನು ತೋರಿಸಿದರು. "ಈಕೆ ಫಾದರ್! ಡಿಸೈನೂ ಈಕೆಯದೇ, ಅಳತೆಯೂ ಈಕೆಯದೇ!" ಅಂದವರೇ ಗೇರ್ ಹಾಕಿ ಹೊರಟೇಬಿಟ್ಟರು. ಪಕ್ಕದಲ್ಲಿ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಾ ಕೈ ಬೀಸಿದರು.

ಪಾದ್ರಿಗಳು ನನ್ನ ಹತ್ತಿರ ಬಂದರು. ನಾನು ಕೈ ಮುಗಿದು ತಲೆ ಬಗ್ಗಿಸಿದೆ.

"ನಿನಗೆ ಮಾಮೂಲಿ ಅಳತೆ ಸಾಲಲ್ಲ ಮಗಳೇ" ಅಂದರು. ಬ್ರಷ್ಷನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಕೆಟ್ಟನ್ನೇ ಎತ್ತಿದರು.