ದೋಣಿಯಿಲ್ಲದ ಮೋಟರು

ನಮ್ಮ ಕಾಕಾಗೆ ಇಬ್ಬರು ಹೆಂಡಿರು ಎಂದರೆ ನೀವು ನಂಬಲಿಕ್ಕಿಲ್ಲ. ಒಬ್ಬರು ನಮ್ಮ ಕಾಕು. ಇನ್ನೊಬ್ಬಾಕೆ ಹಿತ್ತಲಿನಲ್ಲಿ ಕಟ್ಟಿಗೆಯ ಸ್ಟ್ಯಾಂಡಿಗೆ ಒರಗಿ, ಕಾಕುನ ಇಳಕಲ್ ಸೀರೆ ಹೊದ್ದು ನಿಂತಿದ್ದಾಳೆ. ಸೆರಗು ಸರಿಸಿದರೆ ದೋಣಿಗೆ ಹಚ್ಚುವ ಹಳೆಯ ಮೋಟರು! ದೋಣಿ ಎಲ್ಲಿ ಎಂದಿರಾ? ಇಲ್ಲ. ಹೊಳೆ? ರಾಣೆಬೆನ್ನೂರಿನ ನಮ್ಮ ಓಣಿಯಿಂದ ತುಂಗಭದ್ರೆಗೆ ಬಸ್ಸು ಹತ್ತಿಯೇ ಹೋಗಬೇಕು.

ಕಾಕಾ ಎಂದರೆ ನನ್ನ ಗಂಡನ ಚಿಕ್ಕಪ್ಪ. ಪ್ರಾಯದಲ್ಲಿ ಐರಣಿಯ ಹತ್ತಿರ ಈ ಮೋಟರು ಹಚ್ಚಿದ ದೋಣಿಯಲ್ಲಿ ಆಚೆ ದಂಡೆಯಿಂದ ಬೀಜದ ಚೀಲ ತರುತ್ತಿದ್ದರಂತೆ. ದೋಣಿ ಎಂದೋ ಒಲೆ ಸೇರಿತು, ಮೋಟರು ಅಟ್ಟ ಸೇರಿತು. ಈ ಬೇಸಿಗೆಯಲ್ಲಿ ಅದನ್ನು ಇದ್ದಕ್ಕಿದ್ದಂತೆ ಕೆಳಗಿಳಿಸಿ, "ಹೊಳಿಗೆ ಹೊಸಾ ನೀರು ಬರೂದ್ರೊಳಗ ಇದು ಚಾಲೂ ಆಗಬೇಕು" ಎಂದರು.

"ಅಷ್ಟ್ಯಾಕ ಅವಸರ, ಕಾಕಾ?"

"ಹೊತ್ತು ಭಾಳ ಇಲ್ಲವ್ವಾ."

ಕಾಕಾಗೇ ಏನೋ ಆಗಿದೆ ಎಂದು ನಾನು ಹೆದರಿದೆ. ಅವರೋ ಮರುಕ್ಷಣವೇ ಮಿರ್ಚಿ ಬಜಿಗೆ ಕೈ ಹಾಕಿದರು! ಬಿಪಿಯಿಲ್ಲ, ಶುಗರಿಲ್ಲ. ಆ ಮನೆಯಲ್ಲಿ ಕೆಟ್ಟಿರುವುದು ಕಾಕುನ ಕಿವಿ ಮಾತ್ರ. ದಿನದಿಂದ ದಿನಕ್ಕೆ ಮಂದವಾಗುತ್ತಲೇ ಹೋಗುತ್ತದೆ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದಾರೆ. ಕಿವಿಗೆ ಹಾಕುವ ಮಶೀನು ಕಪಾಟಿನಲ್ಲಿ ಬಳೆಗಳ ಜೊತೆ ಮಲಗಿದೆ. ಹುಡುಗಿಯರು ಮೆಲ್ಲಗೆ ಮಾತಾಡಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಹೇಳಿಕೊಟ್ಟ ನನ್ನ ದನಿ ಅಲ್ಲಿ ಯಾವ ಕೆಲಸಕ್ಕೂ ಬಾರದು.

ರಿಪೇರಿ ಶುರುವಾಯಿತು. ಕಾರ್ಬೊರೇಟರಿನ ಕಿಲುಬು ಬಿಡಿಸಲು ಕಾಕಾ ಅದನ್ನು ಹುಣಸೆ ನೀರಿನಲ್ಲಿ ಕುದಿಯಲು ಇಟ್ಟರು. ಒಲೆಯ ಮೇಲೆ ಹುಣಸೆ ನೀರು ಕಂಡರೆ ಕಾಕು ಏನು ಮಾಡಿಯಾರು? ಬೇಳೆ ಹಾಕಿದರು, ಒಗ್ಗರಣೆಯನ್ನೂ ಕೊಟ್ಟರು. ಸೌಟು ಆಡಿಸಿದಾಗ ಠಣ್ ಎಂದಿತು.

"ಉಡಾಕ ಇಟ್ಟ ಸೀರಿ ಅದಕ್ಕ ಹೊಚ್ಚೀರಿ. ಈಗ ಸಾರೂ ಅದಕ್ಕ?"

"ಉಪ್ಪು ಒಂಚೂರು ಕಡಿಮಿ ಐತಿ ನೋಡು," ಎಂದರು ಕಾಕಾ, ಕಾರ್ಬೊರೇಟರನ್ನು ಒರೆಸಿಕೊಳ್ಳುತ್ತ.

ಮೋಟರಿನೊಳಕ್ಕೆ ನೀರೆಳೆದು ತಂಪಾಗಿಡುವ ಪುಟ್ಟ ರಬ್ಬರ್ ಚಕ್ರವೊಂದು ಸವೆದಿತ್ತು. ಟ್ರ್ಯಾಕ್ಟರಿನದು, ಬೈಕಿನದು ಏನು ಕೇಳಿದರೂ ಸಿಗುವ ನಮ್ಮ ಪೇಟೆಯಲ್ಲಿ ಇದೊಂದು ಸಿಗಬಾರದೇ?

"ಯಾವ ಗಾಡೀದ್ರಿ ಯಜಮಾನ್ರ?"

"ಗಾಡೀದಲ್ಲಪಾ, ದೋಣೀದು."

"ಮಾಡೆಲ್ ಯಾವ್ದ್ರಿ?"

"ನಿಮ್ಮಪ್ಪಗ ಇನ್ನೂ ಮೀಸಿ ಬಂದಿರಲಿಲ್ಲ, ಆಗಿನ ಮಾಡೆಲ್!"

ಅಂಗಡಿಯವನು ಕೈಮುಗಿದು ಚಾ ತರಿಸಿಕೊಟ್ಟ. ಮರುದಿನ ನೋಡಿದರೆ ಬಾಗಿಲಲ್ಲಿ ನನ್ನ ಹೊಸ ಚಪ್ಪಲಿ ಜೋಡಿಯಲ್ಲಿ ಒಂದೇ ಇತ್ತು. "ನಿನ್ನ ಚಪ್ಪಲಿ ರಬ್ಬರ್ ಭಾಳ ಛಲೋ ಐತವ್ವಾ," ಎಂದು ಕಾಕಾ ಮನಸಾರೆ ಹೊಗಳಿದರು. ಹೊಗಳಿದವರಿಗೆ ಏನನ್ನುವುದು? "ಥ್ಯಾಂಕ್ಸ್ ಕಾಕಾ" ಎಂದುಬಿಟ್ಟೆ. ಕಾನ್ವೆಂಟಿನ ಅಭ್ಯಾಸ!

ನೀರಿಲ್ಲದೆ ಓಡಿಸಿದರೆ ಈ ಮೋಟರು ಸುಟ್ಟೇ ಹೋಗುತ್ತದಂತೆ. ಅದಕ್ಕಾಗಿ ಬ್ಯಾಡಗಿಯ ಮಗಳ ಮನೆಯಿಂದ ದೊಡ್ಡದೊಂದು ಡ್ರಮ್ಮು ತರಿಸಿ, ನೀರು ತುಂಬಿ, ಮೋಟರನ್ನು ಇಳಿಬಿಟ್ಟರು. ಬ್ಯಾಡಗಿಯ ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ಯಾರಾದರೂ ಕೇಳಬೇಕೇ? ತಳದಲ್ಲಿ ಮೆಣಸಿನಪುಡಿ ಗಟ್ಟಿಯಾಗಿ ಕೂತಿತ್ತು. ಹಗ್ಗ ಎಳೆದರು, ಎಳೆದರು, ಕಡೆಗೊಮ್ಮೆ ಡಗಡಗ ಎಂದಿತು ನೋಡಿ! ಕೆಂಪು ಕಾರಂಜಿಯೇ ಎದ್ದು, ಪಕ್ಕದ ಮನೆಯವರ ಬಿಳಿ ಧೋತರ ಕುಂಕುಮದ ಬಣ್ಣಕ್ಕೆ ತಿರುಗಿತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಇಡೀ ಓಣಿಗೆ ಖಾತ್ರಿಯಾಯಿತು.

"ಏನ್ರೀ ಇದು, ಹೋಳಿ ಹುಣ್ಣಿಮಿ ಮುಗದಿಲ್ಲೇನು ನಿಮಗ?" ಎಂದು ಗೋಡೆಯಾಚೆಯಿಂದ ಬೈಗುಳ ಬಂತು.

ಕಾಕಾಗೆ ಅದರ ಪರಿವೆಯೇ ಇಲ್ಲ. ಅಷ್ಟರಲ್ಲಿ ಕೆಮ್ಮಿ ಆರಿಹೋದ ಮೋಟರಿನ ಮುಂದೆ ಸಪ್ಪೆ ಮೋರೆ ಹಾಕಿ ಕೂತಿದ್ದರು. "ಅಕಿ ಇಲ್ಲದಾಗ ಚಾಲೂ ಆತಲ್ಲವ್ವಾ!" ಕಾಕು ಆ ದಿನ ಬ್ಯಾಡಗಿಯಲ್ಲಿದ್ದರು. ಅವರು ಮರಳಿದ ಮೇಲೆ ಎಷ್ಟು ಎಳೆದರೂ ಅದು ಮಿಸುಕಲಿಲ್ಲ.

ಮೋಡ ಕಟ್ಟತೊಡಗಿದಾಗ ಕಾಕಾ ಹಟ ಹಿಡಿದು ನಮ್ಮನ್ನೆಲ್ಲ ಐರಣಿಗೆ ಹೊರಡಿಸಿದರು. ಅದು ಕಾಕುನ ತವರೂರು. ಪರಿಚಯದ ಮೀನುಗಾರರೊಬ್ಬರ ದೋಣಿಗೆ ಮೋಟರು ಬಿಗಿದು, "ಆಚೀ ದಂಡಿಯಿಂದ ಚಾಲೂ ಮಾಡಿಕೊಂಡ ಬರತೇನಿ" ಎಂದು ಹುಟ್ಟು ಹಾಕುತ್ತ ಹೊರಟರು.

ನಾನು ಚಾ ಬಗ್ಗಿಸೋಣವೆಂದು ಫ್ಲಾಸ್ಕಿಗೆ ಕೈ ಹಾಕಿದೆ. "ಈಗ ಬ್ಯಾಡ," ಎಂದು ಕಾಕು ಅದನ್ನು ಕಸಿದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ತಲೆ ತಗ್ಗಿಸಿ, ಸೀರೆಯ ಅಂಚಿಗೆ ಅಂಟಿದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತ ಕೂತರು.

ಆಚೆ ದಂಡೆಯಲ್ಲಿ ಇರುವೆಯಷ್ಟು ಕಾಣುವ ಕಾಕಾ ಹಗ್ಗ ಎಳೆಯುತ್ತಿದ್ದರು. ಮತ್ತೆ ಎಳೆದರು. ನೀಲಿ ಹೊಗೆ ಎದ್ದಿತು. ಬೆಳ್ಳಕ್ಕಿಗಳು ಹಾರಿದವು. ಹೊಳೆಯ ತುಂಬ ಡಗಡಗಡಗ!

ಪಕ್ಕದಲ್ಲೇ ಫೋನು ಬಾರಿಸಿದರೂ ತಿರುಗದ ಕಾಕುನ ಕೈ ಮುಳ್ಳಿನ ಮೇಲೆಯೇ ನಿಂತಿತು.

"ಬಂದ್ರು," ಎಂದರು, ತಲೆ ಎತ್ತದೆಯೇ. "ನಮ್ಮವ್ವನ ಅಡಿಗಿಮನ್ಯಾಗ ಕುಂತು ಇದನ್ನ ಕೇಳತಿದ್ದೆ. ಈ ಸಪ್ಪಳಾ ಬಂದ ಕೂಡಲೇ ಚಾಕ್ಕ ಇಡತಿದ್ದೆ."

ದೋಣಿ ದಡಕ್ಕೆ ತಾಗಿತು. ಕಾಕಾ ಮೊಣಕಾಲು ನೀರಿನಲ್ಲೇ ಇಳಿದು, ಏದುಸಿರು ಬಿಡುತ್ತ ನೇರ ನನ್ನ ಹತ್ತಿರ ಬಂದರು. ಮನೆಯ ಹಂಚು ಹಾರುವಂತೆ ಮಾತಾಡುವ ಮನುಷ್ಯ, ನಮ್ಮ ಸಿಸ್ಟರುಗಳೂ ಮೆಚ್ಚುವಷ್ಟು ಮೆಲ್ಲಗೆ ಕೇಳಿದರು:

"ಕೇಳಿಸ್ತೇನವ್ವಾ, ಅಕಿಗೆ?"

ನಾನು ಹೂಂ ಎನ್ನುವಷ್ಟರಲ್ಲಿ ಹಿಂದಿನಿಂದ ಕಾಕುನ ದನಿ ಬಂತು: "ನಿಂತೀರಿ ಯಾಕ? ಚಾ ಬಗ್ಗಿಸೇನಿ, ಆರತೈತಿ. ಲಗೂ ಬರ್ರಿ."