ಅಪ್ಪ ಉಳಿಸಿಕೊಟ್ಟ ಎರಡು ವರ್ಷ

ನಮ್ಮ ಕಡೆ ಒಂದು ತಲೆಮಾರಿನ ಗಂಡಸರೆಲ್ಲ ಜೂನ್ ಒಂದನೇ ತಾರೀಖಿನಂದೇ ಹುಟ್ಟಿದವರು. ಊರಿಗೊಬ್ಬಳೇ ಸೂಲಗಿತ್ತಿ ಇದ್ದ ಕಾಲದಲ್ಲಿ ಆಕೆ ಆ ಒಂದು ದಿನವನ್ನು ಹೇಗೆ ನಿಭಾಯಿಸಿದಳೋ ದೇವರೇ ಬಲ್ಲ. ಶಾಲೆಗೆ ಹೆಸರು ಹಚ್ಚುವಾಗ ಹೆಡ್‌ಮಾಸ್ತರರು ಹುಡುಗನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ, ಜೂನ್ ಒಂದು. ನನ್ನ ಕೈ ಕಿವಿ ಮುಟ್ಟಿದ್ದಷ್ಟೇ ಅಲ್ಲ, ಅದನ್ನು ಹಿಡಿದು ಜಗ್ಗುವಂತಿತ್ತು. ಯಾಕೆಂದರೆ ನನಗಾಗಲೇ ಎಂಟು ತುಂಬಿತ್ತು. ಆದರೂ ಅಪ್ಪ, “ಆರಂತನ ಬರೀರಿ ಮಾಸ್ತರ್ರ, ಮುಂದ ಸರ್ಕಾರಿ ನೌಕ್ರಿ ಸಿಕ್ಕರ ಎರಡು ವರ್ಷ ಜಾಸ್ತಿ ಪಗಾರ ಉಣ್ತಾನ” ಎಂದನಂತೆ. ಮಗ ಅ ಆ ತಿದ್ದುವ ಮೊದಲೇ ಅವನ ನಿವೃತ್ತಿಯ ಯೋಚನೆ ಮಾಡಿದ ಅಪ್ಪನ ದೂರದೃಷ್ಟಿಯನ್ನು ನಾನು ಬಹಳ ಕಾಲ ಮೆಚ್ಚಿಕೊಂಡೇ ಇದ್ದೆ.

ಎಂಬತ್ತರ ದಶಕದ ಆರಂಭದಲ್ಲಿ ಸಿಂಧನೂರಿನ ಬಸ್ ಡಿಪೋದಲ್ಲಿ ಕಂಡಕ್ಟರ್ ಆದೆ. ಅದೇ ದಿನ ನಮ್ಮೂರಿನ ಅಮರೇಶನೂ ಸೇರಿದ. ಅವನು ನನಗಿಂತ ಒಂದು ವರ್ಷ ಚಿಕ್ಕವನು. ಕಾಲುವೆಯಲ್ಲಿ ಅವನಿಗೆ ಈಜು ಕಲಿಸಿದವನು ನಾನು. ಇಂದಿಗೂ ‘ಅಣ್ಣಾ’ ಎಂದೇ ಕರೆಯುತ್ತಾನೆ. ಆದರೆ ಅವನಪ್ಪ ದೂರದೃಷ್ಟಿ ಇಲ್ಲದ ಮನುಷ್ಯ, ಶಾಲೆಯಲ್ಲಿ ಖರೆ ವಯಸ್ಸನ್ನೇ ಬರೆಸಿಬಿಟ್ಟಿದ್ದ. ಒಂದೇ ದಿನ ಸೇರಿದವರಲ್ಲಿ ದಾಖಲೆಯ ಪ್ರಕಾರ ಯಾರು ಹಿರಿಯರೋ ಅವರ ಹೆಸರು ಸೀನಿಯಾರಿಟಿ ಪಟ್ಟಿಯಲ್ಲಿ ಮೇಲೆ. ಹೀಗಾಗಿ ನಾನು ಅಮರೇಶನ ಕೆಳಗೆ, ಪಟ್ಟಿಯ ತಳದಲ್ಲಿ ಬಂದು ಕೂತೆ.

ಒಂದು ಹೆಸರು ಮೇಲೆ ಕೆಳಗೆ ಆದರೇನು ಎಂದು ಕೇಳುವವರು ಡಿಪೋ ಕಂಡವರಲ್ಲ. ವರ್ಷಕ್ಕೊಮ್ಮೆ ಎಲ್ಲರನ್ನೂ ಪಟ್ಟಿಯ ಪ್ರಕಾರ ಕರೆದು, ಯಾವ ದಾರಿಯ ಬಸ್ಸು ಬೇಕೋ ಆರಿಸಿಕೊಳ್ಳಿ ಎನ್ನುತ್ತಾರೆ. ಮೇಲಿನವರು ಆರಿಸಿ ಮುಗಿಸುವಷ್ಟರಲ್ಲಿ ಒಳ್ಳೆಯದೆಲ್ಲ ಖಾಲಿ. ತಳದವರಿಗೆ ಉಳಿಯುವುದು ಸ್ಪೇರ್ ಡ್ಯೂಟಿ. ಅಂದರೆ ನಸುಕಿಗೇ ಬಂದು ಟಿಕೆಟ್ ಪೆಟ್ಟಿಗೆ, ಚರ್ಮದ ಚೀಲ ಮಗ್ಗುಲಲ್ಲಿಟ್ಟುಕೊಂಡು ಡಿಪೋದ ಬೆಂಚಿನ ಮೇಲೆ ಕೂಡುವುದು. ಯಾರಿಗಾದರೂ ಹೊಟ್ಟೆನೋವು ಬಂದರೆ ಅವರ ಬಸ್ಸು ಹತ್ತುವುದು. ಅದು ಮಸ್ಕಿಯ ಸಂತೆಗಾದರೂ ಹೋದೀತು, ಹೈದರಾಬಾದಿಗಾದರೂ ಹೋದೀತು. ಸ್ಪೇರಿನವನಿಗೆ ಮೇಲಿನವರ ಆರೋಗ್ಯ ಅವರ ಹೆಂಡಿರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. “ಹುಷಾರದೀರೇನ್ರೀ” ಎಂದು ನಾನು ಪ್ರೀತಿಯಿಂದ ಕೇಳಿದರೂ ಅವರು ಮುಖ ಗಂಟಿಕ್ಕುತ್ತಿದ್ದರು. ಇನ್ನು ಹಬ್ಬ ಬಂತೆಂದರೆ ಮೇಲಿನವರೆಲ್ಲ ರಜಾ, ರಸ್ತೆಯ ಮೇಲೆ ನಾವು.

ಒಮ್ಮೆ ಮಸ್ಕಿಯಲ್ಲಿ ಮಿರ್ಚಿ ಭಜಿ ಕಟ್ಟಿಕೊಟ್ಟ ಪತ್ರಿಕೆಯ ತುಂಡಿನಲ್ಲಿ ವಿಮಾನ ಹಾರಿಸುವವರ ಸುದ್ದಿ ಓದಿದೆ. ಅವರಲ್ಲೂ ಇದೇ ಕಾನೂನಂತೆ. ಹಿರಿಯ ಪೈಲಟ್‌ಗಳು ಬೇಕಾದ ದಾರಿ ಆರಿಸಿಕೊಳ್ಳುತ್ತಾರೆ, ಕಿರಿಯರು ಚೀಲ ಕಟ್ಟಿಕೊಂಡು ಫೋನಿನ ಪಕ್ಕ ಕಾಯುತ್ತಾರೆ. ಅವರಿಗೆ ಎಷ್ಟು ವರ್ಷಕ್ಕೆ ಮುಕ್ತಿ ಸಿಗುತ್ತದೆಂದು ಓದೋಣವೆಂದರೆ ಆ ಸಾಲನ್ನು ಎಣ್ಣೆ ತಿಂದುಹಾಕಿತ್ತು. ಆಕಾಶದಲ್ಲೂ ನನ್ನಂಥವರಿದ್ದಾರೆಂದು ಸಮಾಧಾನವಾಗಿ ಇನ್ನೆರಡು ಭಜಿ ತಿಂದೆ.

ನಿವೃತ್ತಿ, ವರ್ಗಾವಣೆ ಎಂದು ಪಟ್ಟಿ ನಿಧಾನವಾಗಿ ಮೇಲೆ ಸರಿಯಿತು. ತೊಂಬತ್ತರ ದಶಕ ಬರುವ ಹೊತ್ತಿಗೆ ನಾನು ಸ್ಪೇರಿನ ಅಂಚಿಗೆ ಬಂದಿದ್ದೆ. ನನ್ನ ಕಣ್ಣೆಲ್ಲ ಒಂದೇ ಬಸ್ಸಿನ ಮೇಲೆ: ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗಿ ಬರುವ ಹಗಲು ಶಟಲ್. ಸಂಜೆ ಆರಕ್ಕೆ ಮನೆ. ಆಗ ನನ್ನ ಮಗಳು ಒಂದನೇ ಈಯತ್ತೆ. ಅಪ್ಪ ಎಲ್ಲಿರುತ್ತಾನೆಂದು ಟೀಚರು ಕೇಳಿದರೆ, “ಡಿಪೋದಾಗ ಇರ್ತಾನ್ರೀ, ಹಬ್ಬ ಮುಗದ ಮ್ಯಾಲೆ ಬರ್ತಾನ” ಎಂದಿದ್ದಳು. ಹೆಂಡತಿ ಮಹಾದೇವಿ ಇದನ್ನು ನಗುತ್ತಲೇ ಹೇಳಿದಳು. ನನಗೆ ಮಾತ್ರ ಅವತ್ತು ರೊಟ್ಟಿ ಇಳಿಯಲಿಲ್ಲ.

ಆ ವರ್ಷ ಆರಿಸುವ ದಿನ ಶಟಲ್ ಅಮರೇಶನ ಸರದಿಯವರೆಗೂ ಉಳಿದಿತ್ತು. ನಾನು ನಿಶ್ಚಿಂತನಾಗಿದ್ದೆ. ಅವನು ಯಾವಾಗಲೂ ದೂರದ ಬಸ್ಸಿನವನು, ಸ್ಪೇರಿನಲ್ಲಿದ್ದಾಗಲೂ ಭತ್ಯೆ ಜಾಸ್ತಿ ಎಂದು ಹೈದರಾಬಾದನ್ನೇ ಹಿಡಿಯುತ್ತಿದ್ದ. ಆದರೆ ಹೊಟ್ಟೆಯಲ್ಲಿ ಉರಿ ಎದ್ದಿದೆ, ಹೊತ್ತಿಗೆ ಸರಿಯಾಗಿ ಮನೆಯೂಟ ಮಾಡಬೇಕೆಂದು ಡಾಕ್ಟರು ಹೇಳಿದ್ದರಂತೆ. ಶಟಲ್ಲಿಗೆ ಸಹಿ ಹಾಕಿಬಿಟ್ಟ. ನನಗೆ ಉಳಿದದ್ದು ಮನೆಯ ಮುಖ ಕಾಣಿಸದ ಹೈದರಾಬಾದು, ಇಲ್ಲವೇ ಮತ್ತೆ ಸ್ಪೇರ್.

ನಾನು ನೇರ ಮ್ಯಾನೇಜರ್ ಸಾಹೇಬರ ಮುಂದೆ ನಿಂತು, ಖರೆ ನೋಡಿದರೆ ಅಮರೇಶನಿಗಿಂತ ನಾನೇ ದೊಡ್ಡವನು ಎಂದು ತಕರಾರು ಹೇಳಿದೆ. ತುಮಕೂರು ಕಡೆಯ ಸಾಹೇಬರು ತಾಳ್ಮೆಯಿಂದ, “ಸಾಕ್ಷಿ ಕರ್ಕೊಂಡು ಬನ್ನಿ” ಎಂದರು. ಮರುದಿನ ರುಮಾಲು ಸುತ್ತಿಸಿ ಅಪ್ಪನನ್ನು ಕರೆದುಕೊಂಡು ಬಂದೆ. ಎರಡು ವರ್ಷ ದೊಡ್ಡವನು ಎಂದಷ್ಟೇ ಹೇಳು ಎಂದು ದಾರಿಯುದ್ದಕ್ಕೂ ಪಾಠ ಮಾಡಿದ್ದೆ.

ಸಾಹೇಬರು ಕೇಳಿದರು: “ಏನು ಯಜಮಾನ್ರೆ, ಸರ್ಕಾರಿ ದಾಖಲೆಯಲ್ಲಿ ಮಗನ ವಯಸ್ಸು ಸುಳ್ಳು ಬರೆಸಿದ್ದೀರಂತೆ?”

ಸರ್ಕಾರ, ಸುಳ್ಳು ಎರಡೂ ಒಟ್ಟಿಗೆ ಕಿವಿಗೆ ಬಿದ್ದದ್ದೇ ಅಪ್ಪ ಹೆದರಿ ಕೈಮುಗಿದ. ಮಗನ ನೌಕರಿ ಉಳಿಸಬೇಕೆಂಬ ಒಂದೇ ಹಟದಿಂದ, “ಯಾರ ಹೇಳ್ಯಾರ್ರೀ ಸುಳ್ಳಂತ? ದೇವರಾಣಿ ಹೇಳ್ತೀನಿ ಸಾಹೇಬ್ರ, ಬರದದ್ದಕ್ಕಿಂತ ಇನ್ನಾ ಎರಡು ವರ್ಷ ಸಣ್ಣಾಂವ ಅದಾನ ನನ್ನ ಮಗ!” ಎಂದ.

ಸಾಹೇಬರು ಬೆರಳು ಮಡಚಿದರು. “ಕೆಲಸಕ್ಕೆ ಸೇರಿದಾಗ ದಾಖಲೆ ಪ್ರಕಾರ ಹತ್ತೊಂಬತ್ತು, ಹಾಗಾದ್ರೆ ನಿಜಕ್ಕೂ ಇವರಿಗೆ ಆಗ ಹದಿನೇಳು. ಹದಿನೆಂಟು ತುಂಬದೆ ಸೇರಿಸ್ಕೊಳ್ಳೋ ಹಾಗೇ ಇಲ್ವಲ್ಲ!”

ನಾನು ನಡುವೆ ಬಾಯಿ ಹಾಕಿದೆ. “ಇಲ್ರೀ ಸರ್, ಅಪ್ಪಗ ಮರವು ಬಾಳ. ದಾಖಲೆದಾಗ ಇದ್ದದ್ದ ಖರೇ ಅದ” ಎಂದೆ. ಅವರು ಹಾಳೆ ಮುಂದೆ ತಳ್ಳಿದರು. ನನ್ನ ಜನ್ಮದಿನಾಂಕ ಸರಿಯಾಗಿದೆ, ಸೀನಿಯಾರಿಟಿಯ ಬಗ್ಗೆ ನನ್ನ ತಕರಾರಿಲ್ಲ ಎಂದು ನನ್ನ ಕೈಯಿಂದಲೇ ಬರೆಸಿಕೊಂಡರು. ಬೇಸತ್ತವರು, ಈ ವರ್ಷ ಯಾರೂ ಡ್ಯೂಟಿ ಅದಲುಬದಲು ಮಾಡಿಕೊಳ್ಳುವಂತಿಲ್ಲ ಎಂದೂ ಸೇರಿಸಿದರು. ಹೊರಗೆ ಬಂದ ಅಪ್ಪ ಬೆವರು ಒರೆಸಿಕೊಂಡು, “ನಾ ಇದ್ದೆ ಅಂತ ನೌಕ್ರಿ ಉಳೀತು ನೋಡು ತಮ್ಮಾ” ಎಂದ. ನಾನು ಹೌದೆಂದೆ.

ಊರಿಗೆ ಕಳಿಸಲು ಬಸ್‌ಸ್ಟ್ಯಾಂಡಿಗೆ ಬಂದರೆ ಎದುರಿಗೆ ನಿಂತದ್ದು ಅದೇ ಲಿಂಗಸುಗೂರು ಶಟಲ್. ಅಮರೇಶ ಅಪ್ಪನನ್ನು ಕೈಹಿಡಿದು ಹತ್ತಿಸಿ ಮುಂದಿನ ಸೀಟಿನಲ್ಲಿ ಕೂಡಿಸಿದ. ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು. ಕೆಳಗಿಳಿದು ಬಂದು ಹೇಳಿದ: “ಅಣ್ಣಾ, ಸಾಹೇಬ್ರ ತನಕ ಯಾಕ ಹೋಗಿದ್ದಿ? ನನಗೊಂದು ಮಾತು ಕೇಳಿದ್ರ ಶಟಲ್ ಬಿಟ್ಟುಕೊಡ್ತಿದ್ದಿಲ್ಲೇನು? ಮಗಳು ನಿನಗಷ್ಟ ಅಲ್ಲ, ನನಗೂ ಮಗಳ ಹೌದಲ್ಲೋ.”

ಅವನನ್ನು ಕೇಳಬಹುದೆಂಬುದು ನನಗೆ ಹೊಳೆದಿರಲಿಲ್ಲವೆಂದರೆ ಸುಳ್ಳಾದೀತು. ಆರಿಸುವ ದಿನವೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈಜು ಕಲಿಸಿದ ಹುಡುಗನ ಮುಂದೆ ಕೈ ಒಡ್ಡುವುದು ಹೇಗೆ? “ಮುಂದಿನ ವರ್ಷ ನೋಡೂಣು ಬಿಡು” ಎಂದೆ. ಬಸ್ಸು ಹೋಯಿತು.

ಮುಂದಿನ ವರ್ಷವೂ ಬಂತು. ಮಗಳು ಎರಡನೇ ಈಯತ್ತೆಗೆ ಹೋಗಿದ್ದಳು. ಅಮರೇಶ ಪೆನ್ನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತ. ‘ಕೇಳ್ರಿ ಈ ಸಲ’ ಎಂದು ಮಹಾದೇವಿ ಬೆಳಿಗ್ಗೆ ಮೂರು ಸಲ ಹೇಳಿ ಕಳಿಸಿದ್ದಳು. ನಾನು ಗೋಡೆಯ ಕಡೆ ನೋಡಿದೆ. ಅವನು ಸ್ವಲ್ಪ ಹೊತ್ತು ಕಾದು ಶಟಲ್ಲಿಗೆ ಸಹಿ ಹಾಕಿದ. ಎಷ್ಟಾದರೂ ವಯಸ್ಸಿನಲ್ಲಿ ನಾನು ದೊಡ್ಡವನು.